ಅಳಿದ ಪುಟದ ಅರಸುವಿಕೆ



ಕಳೆದ ಶ್ರಾವಣದಲ್ಲಿ ಬೋರಗಾಂವದ ಹಿರಿಯ ಭಕ್ತರೊಬ್ಬರು ಮಾಸಿದ ಹಾಳೆಯೊಂದನ್ನು ಹಿಡಿದು ನನ್ನ ಬಳಿಗೆ ಬಂದರು. ಲಿಂಗೈಕ್ಯರಾದ ಅವರ ತಂದೆಯವರು ರಚಿಸಿದ, ಬಹಳ ಹಿಂದೆ ಜಾಲತಾಣವೊಂದರಲ್ಲಿ ಪ್ರಕಟವಾಗಿದ್ದ ವಚನ ವಿವೇಚನೆಯ ಮೊದಲ ಪುಟವದು. ಉಳಿದ ಮೂರು ಪುಟಗಳು ಮನೆಯಲ್ಲಿಲ್ಲ; ಆ ತಾಣವೂ ಮುಚ್ಚಿಹೋಗಿದೆ. "ಅಪ್ಪಾರು ಬರದದ್ದು ಮತ್ತ ಓದಾಕ ಸಿಕ್ಕೀತೇನ್ರಿ?" ಎಂದು ಕೇಳಿದರು.

ಗೂಗಲ್ ತಾನು ಕಂಡ ಪುಟಗಳ ಪ್ರತಿಯನ್ನು ಕೆಲಕಾಲ ಇರಿಸಿಕೊಂಡು ಓದುಗರಿಗೂ ತೋರುತ್ತಿತ್ತು. 2024ರಲ್ಲಿ ಆ ಸೌಲಭ್ಯ ನಿಂತಿತು. ಉಳಿದ ಆಸರೆಯೆಂದರೆ ಬ್ರೂಸ್ಟರ್ ಕೇಲ್ ಅವರು 1996ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್. ಅದರ ವೇಬ್ಯಾಕ್ ಮಷಿನ್ 2001ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಆದರೆ ಅಲ್ಲಿ ಲೇಖನದ ಹೆಸರು ಬರೆದರೆ ಸಾಲದು, ಪುಟದ ಪೂರ್ಣ ವಿಳಾಸ ಬೇಕು. ಪುಣ್ಯವಶಾತ್ ಆ ಹಾಳೆಯ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ವಿಳಾಸವೂ ಅಚ್ಚಾಗಿತ್ತು. ಅದನ್ನು ಬರೆದೊಡನೆ ದಿನದರ್ಶಿಕೆ ಮೂಡಿತು; ಪ್ರತಿ ತೆಗೆದ ದಿನಗಳಿಗೆ ಬಣ್ಣದ ವೃತ್ತವಿತ್ತು.

ಒಂದು ದಿನವನ್ನು ಒತ್ತಿದೆ. ಪುಟ ತೆರೆಯಿತು, ಆದರೆ ಕನ್ನಡವಿರಲಿಲ್ಲ! ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಒಂದೊಂದು ತಾಣಕ್ಕೂ ಒಂದೊಂದು ಫಾಂಟು. ಅದಿಲ್ಲದ ಗಣಕದಲ್ಲಿ ಅಕ್ಷರವಿದ್ದೂ ಇಲ್ಲದಂತೆ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತಂದು, ಕೆಟ್ಟುಹೋದ ಒತ್ತಕ್ಷರಗಳನ್ನು ತಿದ್ದಿ, ವಚನಪಾಠಗಳನ್ನು ಸರ್ಕಾರದ ಸಮಗ್ರ ವಚನ ಸಂಪುಟಗಳೊಡನೆ ಹೋಲಿಸಿದೆ. ಎರಡು ಮತ್ತು ಮೂರನೆಯ ಪುಟಗಳು ದೊರೆತವು. ನಾಲ್ಕನೆಯದನ್ನು ಆ ಯಂತ್ರ ಎಂದೂ ಪ್ರತಿ ತೆಗೆದಿರಲಿಲ್ಲ.

ಆಗ ನೆನಪಾದವರು ಫ.ಗು. ಹಳಕಟ್ಟಿಯವರು. ಮನೆಮನೆಯ ತಾಡೋಲೆಗಳನ್ನು ಅರಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಪ್ರಕಟಿಸಿದ ಆ ಮಹನೀಯರ ಕೈಸೇರುವ ಮೊದಲೇ ಗೆದ್ದಲು ತಿಂದ ಓಲೆಗಳೆಷ್ಟೋ! ಓಲೆಯಾಗಲಿ, ಜಾಲತಾಣವಾಗಲಿ, ಯಾರೋ ಎತ್ತಿಟ್ಟಿದ್ದಷ್ಟೇ ಉಳಿಯುತ್ತದೆ. ಬರಹ ಪ್ರಕಟವಾಯಿತೆಂದ ಮಾತ್ರಕ್ಕೆ ಉಳಿಯಿತೆಂದು ನಂಬಿದ್ದು ನನ್ನ ಅಜ್ಞಾನ.

ದೊರೆತ ಪುಟಗಳನ್ನು ಆ ಭಕ್ತರು ಎದುರಿಗೇ ಕುಳಿತು ಓದಿದರು. ಕೊನೆಯ ಸಾಲು ಅರ್ಧಕ್ಕೇ ನಿಂತಿತ್ತು. ಹಾಳೆಯನ್ನು ಕಣ್ಣಿಗೊತ್ತಿಕೊಂಡು, "ಇಷ್ಟರೆ ಸಿಕ್ತಲ್ರಿ" ಎಂದರು. ನನಗೆ ಮಾತು ಹೊರಡಲಿಲ್ಲ.

ಅಂದಿನಿಂದ ನಾನು ಬರೆದದ್ದು ಪ್ರಕಟವಾದ ದಿನವೇ ಅದರ ವಿಳಾಸವನ್ನು ವೇಬ್ಯಾಕ್ ಮಷಿನ್‌ಗೆ ಕೊಟ್ಟು ಪ್ರತಿ ಉಳಿಸುತ್ತೇನೆ. ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿಡುತ್ತೇನೆ. ತಮ್ಮ ಮನೆಯ ಹಿರಿಯರು ಬರೆದದ್ದು ಎಲ್ಲಿಯಾದರೂ ಇದ್ದರೆ, ಇಂದೇ ಹಾಗೆ ಮಾಡಿರಿ.