ಗೋಡೆ ಮುಚ್ಚುವ ಮೊದಲು

ನಮ್ಮ ಬಿಣಗಾದಲ್ಲಿ "ಗ್ಯಾಸ್ ವಾಸನೆ" ಅಂದರೆ ಹಳಬರ ಮೂಗು ಮೊದಲು ತಿರುಗುವುದು ಕಾರ್ಖಾನೆ ಕಡೆಗೆ, ಆಮೇಲೆ ಒಲೆ ಕಡೆಗೆ. ಕಾಸ್ಟಿಕ್ ಸೋಡಾ ತಯಾರಾಗುವಲ್ಲಿ ಕ್ಲೋರಿನ್ ಕೂಡಾ ಹುಟ್ಟುತ್ತದೆ, ಅದರ ಹೆದರಿಕೆ ಊರಿಗೆ ಹಳೆಯದು. ಕ್ಲೋರಿನ್ನೂ ಅಡುಗೆ ಅನಿಲವೂ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು. ಎರಡೂ ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗುತ್ತವೆ. ಆದರೆ ಕ್ಲೋರಿನ್ನಿಗೆ ತನ್ನದೇ ಘಾಟು ಇದೆ. ಎಲ್‌ಪಿಜಿಗೆ ಹೇಳಿಕೊಳ್ಳುವಂಥ ವಾಸನೆ ಇಲ್ಲ. ನಮಗೆ ಬರುವ ಆ ಕೊಳೆತ ನಾತ ಈಥೈಲ್ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು, ಸೋರಿದರೆ ಗೊತ್ತಾಗಲಿ ಅಂತಲೇ ಬೆರೆಸುವುದು.

ಅಂದರೆ ಇಡೀ ದೇಶದ ಅಡುಗೆಮನೆಗಳ ಮೊದಲ ಕಾವಲುಗಾರ ಮನುಷ್ಯನ ಮೂಗು. ನಮ್ಮ ಆಯಿಗೆ ಅದೇ ಇಲ್ಲ! 2021ರಲ್ಲಿ ಕೋವಿಡ್ ಬಂದು ಹೋದಮೇಲೆ ಅವಳ ಮೂಗು ಪೂರ್ತಿ ವಾಪಸು ಬರಲೇ ಇಲ್ಲ. ಬಾಣಲೆಯಲ್ಲಿ ಬಂಗಡೆ ಕರಕಾದರೂ ಹೊಗೆ ಕಂಡಮೇಲೆಯೇ ಗೊತ್ತಾಗುವುದು. ಹಗಲು ಹೊತ್ತು ಮನೆಯಲ್ಲಿ ಒಬ್ಬಳೇ ಇರುತ್ತಾಳೆ.

ಹೀಗಿರುವಾಗ ಅಡುಗೆಮನೆ ರಿಪೇರಿಗೆ ಬಂತು. ಸಿಲಿಂಡರ್ ಹಿತ್ತಲ ಕಡೆ ಹೊರಗಿಟ್ಟು, ಗೋಡೆಯೊಳಗಿಂದ ತಾಮ್ರದ ಪೈಪ್ ಎಳೆದು, ಕಟ್ಟೆ ಮೇಲಿನ ಒಲೆಗೆ ಕೊಡುವುದು ಅಂತ ಠರಾವಾಯ್ತು. ಪ್ಲಂಬರ್ ಗೋಡೆ ಕೊರೆದು ಪೈಪ್ ಕೂಡ್ರಿಸಿದ. ಗವಂಡಿ ಸಿಮೆಂಟು ಕಲಸಿ ನಿಂತಿದ್ದ, ಮೇಲಿಂದ ಟೈಲ್ಸ್ ಹಾಕಿಬಿಟ್ಟರೆ ಚಂದ. "ಏನೂ ಆಗುದಿಲ್ಲ ಬಿಡಿ, ಎಷ್ಟೋ ಮನೆಗೆ ಮಾಡ್ಕೊಟ್ಟಿದ್ದೆ" ಅಂದ ಪ್ಲಂಬರ್. ನಾನು ಏಜೆನ್ಸಿಯ ಮೆಕ್ಯಾನಿಕ್ ಬಂದು ನೋಡುವ ತನಕ ಟೈಲ್ಸ್ ಬೇಡ ಅಂದೆ. ಗವಂಡಿಗೆ ಒಂದು ದಿನದ ಕೂಲಿ ಸುಮ್ಮನೆ ಹೋಗುತ್ತದೆ ಅಂತ ಆಯಿಗೂ ಸಿಟ್ಟು ಬಂತು.

ಮರುದಿನ ಬಂದ ಮೆಕ್ಯಾನಿಕ್ ಚೀಲದಿಂದ ತೆಗೆದದ್ದು ಯು ಆಕಾರಕ್ಕೆ ಬಗ್ಗಿಸಿದ ಒಂದು ಪಾರದರ್ಶಕ ನಳಿಗೆ ಮತ್ತು ಒಂದಿಷ್ಟು ಬಣ್ಣದ ನೀರು. ಇಷ್ಟೇಯಾ ಅನಿಸಿತು :-) ಮನೆಯ ರೆಗ್ಯುಲೇಟರ್ ಅನಿಲವನ್ನು ಹೊರಗೆ ಬಿಡುವುದು ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ ಒತ್ತಡದಲ್ಲಿ. ನಳಿಗೆಯ ಎರಡು ಬದಿಯ ನೀರಿನ ಮಟ್ಟದಲ್ಲಿ ಅದು ಸುಮಾರು 30 ಸೆಂಟಿಮೀಟರ್ ವ್ಯತ್ಯಾಸ. ಒಲೆಯ ಗುಬ್ಬಿಗಳನ್ನು ಬಂದ್ ಮಾಡಿ, ರೆಗ್ಯುಲೇಟರ್ ತೆರೆದು ಪೈಪಿಗೆ ಅನಿಲ ತುಂಬಿಸಿ, ಮತ್ತೆ ರೆಗ್ಯುಲೇಟರನ್ನೂ ಬಂದ್ ಮಾಡುವುದು. ಪೈಪ್ ಸರಿ ಇದ್ದರೆ ನೀರು ಅಲುಗಬಾರದು. ಶುರುವಿಗೆ ಸ್ವಲ್ಪ ಏರಿಳಿತ ಇರುತ್ತದಂತೆ. ಬಿಸಿಲು ಬಿದ್ದ ಪೈಪ್ ಆರಿದರೂ ಮಟ್ಟ ಇಳಿಯುತ್ತದೆ, ಹಾಗಾಗಿ ತುಸು ಕಾದು ಗುರುತು ಹಾಕಬೇಕು.

ಗುರುತು ಹಾಕಿ ಹತ್ತು ನಿಮಿಷಕ್ಕೆ ನೀರು ಎರಡು ಬೆರಳು ಇಳಿಯಿತು. ಅಲ್ಲಿದ್ದವರಲ್ಲಿ ಯಾರಿಗೂ, ಮೂಗು ನೆಟ್ಟಗಿದ್ದ ನಮಗೂ, ವಾಸನೆ ಬಂದಿರಲಿಲ್ಲ.

ಆಮೇಲೆ ಸೋಪಿನ ನೀರು. ಪ್ರತಿ ಜೋಡಣೆಗೂ ಬ್ರಶ್ಶಿನಿಂದ ಹಚ್ಚುತ್ತಾ ಹೋದ. ಗೋಡೆಯೊಳಗೆ ಪೈಪ್ ತಿರುಗುವ ಮೊಣಕೈ ಹತ್ತಿರ ಸಣ್ಣ ಸಣ್ಣ ಗುಳ್ಳೆ. ಸರಿಯಾಗಿ ಸಿಮೆಂಟಿನಡಿ ಹೋಗಬೇಕಾಗಿದ್ದ ಜಾಗ! ಅಲ್ಲಿಂದ ಸೋರಿದ್ದು ಟೈಲ್ಸಿನ ಹಿಂದಿನ ಸಂದಿಯಲ್ಲಿ ಇಳಿದು ಎಲ್ಲಿ ಹೊರಬೀಳುತ್ತಿತ್ತೋ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೆ ಸಾಕು, ಎಲ್‌ಪಿಜಿ ಹೊತ್ತಿಕೊಳ್ಳಲು. ಫ್ರಿಜ್ಜಿನ ಕಿಡಿಯೂ ನಡೆಯುತ್ತದೆ.

ಪೈಪ್ ಹೊರತೆಗೆಸಿದೆವು. ಈಗ ಅದು ಗೋಡೆ ಮೇಲೆ ಎಲ್ಲರಿಗೂ ಕಾಣುವ ಹಾಗೆ ಓಡುತ್ತದೆ. ಗೋಡೆ ದಾಟುವ ಒಂದೇ ಕಡೆ ದೊಡ್ಡ ಪೈಪಿನ ತೋಳಿನೊಳಗೆ ಹಾಯುತ್ತದೆ, ಆ ತೋಳಿನೊಳಗೆ ಜೋಡಣೆ ಇಲ್ಲ. ಚಂದ ಕಾಣುವುದಿಲ್ಲ, ನಿಜ. ಕಡಲ ಉಪ್ಪುಗಾಳಿಗೆ ಕಬ್ಬಿಣದ ಕ್ಲಿಪ್ಪುಗಳೆಲ್ಲಾ ಬೇಗ ತುಕ್ಕು ಹಿಡಿಯುವ ಊರಿದು, ಕಣ್ಣಿಗೆ ಕಂಡರೆ ತಾನೇ ಬದಲಾಯಿಸುವುದು? ಸಿಲಿಂಡರಿನ ಗೂಡಿನ ಬಾಗಿಲಿಗೆ ಕೆಳಗಡೆ ತೂತು ಬಿಡಿಸಿದೆವು, ಭಾರದ ಅನಿಲ ಅಲ್ಲೇ ಹೊರಬೀಳಲಿ ಅಂತ. ಪಕ್ಕದಲ್ಲೇ ಬಚ್ಚಲ ಗಟಾರದ ಬಾಯಿ ಇತ್ತು; ಗೂಡನ್ನೇ ಆಚೆ ಸರಿಸಬೇಕಾಯ್ತು. ಎರಡನೇ ಸಲ ನಳಿಗೆ ಹಾಕಿದಾಗ ನೀರು ನಿಂತಲ್ಲೇ ನಿಂತಿತು. ಗವಂಡಿ ಕೂಡಾ ಬಗ್ಗಿ ನೋಡಿದ.

2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಅನಿಲ ಟ್ಯಾಂಕರ್ ಗಂಗಾವಳಿ ನದಿಗೆ ಬಿದ್ದು ತೇಲಿಹೋದದ್ದು ನಿಮಗೆ ನೆನಪಿರಬಹುದು. ಅದರೊಳಗಿನ ಅನಿಲ ಖಾಲಿ ಮಾಡಿಸಲು ಎಷ್ಟು ಜನ, ಎಷ್ಟು ಎಚ್ಚರ! ಮನೆಯ 14.2 ಕಿಲೋ ಸಿಲಿಂಡರಿಗೆ ಅಂಥ ಕಾವಲು ಯಾರೂ ಕೊಡುವುದಿಲ್ಲ. ಪೈಪ್ ಹಾಕಿಸುವ ದಿನ, ಬದಲಾಯಿಸುವ ದಿನ, ಒಲೆ ಒಂದು ಮೊಳ ಸರಿಸಿದ ದಿನವೂ ನೀವೇ ಕೇಳಿ ಪರೀಕ್ಷೆ ಮಾಡಿಸಬೇಕು. ಬೆಂಕಿಕಡ್ಡಿ ಗೀರಿ "ಚೆಕ್" ಮಾಡುವವನು ಬಂದರೆ ಬಾಗಿಲಲ್ಲೇ ವಾಪಸು ಕಳಿಸಿ.

ಆಯಿಗೋಸ್ಕರ ಒಂದು ಅನಿಲ ಸೋರಿಕೆಯ ಅಲಾರಂ ತಂದು ನೆಲದಿಂದ ಗೇಣೆತ್ತರದಲ್ಲಿ ಹಾಕಿದ್ದೇವೆ. ಬೆಂಗಳೂರಿನ ತಂಗಿ ಮನೆಗೆ ಬರುವುದು ಪೈಪಿನ ನೈಸರ್ಗಿಕ ಅನಿಲ, ಅದು ಗಾಳಿಗಿಂತ ಹಗುರ, ಅಲ್ಲಿ ಅಲಾರಂ ಚಾವಣಿ ಹತ್ತಿರ ಬೇಕು. ಒಲೆಯ ಮೇಲಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ 1906 ಅಂತ ಬರೆದು ಅಂಟಿಸಿದೆ, ಸೋರಿಕೆಗೆ ಕರೆ ಮಾಡುವ ನಂಬರು. ಕೆಳಗೆ ಕಿತ್ತಳೆ ಬಣ್ಣದ ರಬ್ಬರ್ ನಳಿಗೆ ಬದಲಾಯಿಸಬೇಕಾದ ವರ್ಷ. ಅಲಾರಂ ಕರೆಂಟಿನ ಮೇಲೆ ನಡೆಯುವಂಥದ್ದು. ಮಳೆಗಾಲದ ನಮ್ಮೂರಿನ ಕರೆಂಟು ನಿಮಗೆ ಗೊತ್ತಲ್ಲ, ಬ್ಯಾಟರಿಯದ್ದು ಹುಡುಕುತ್ತಿದ್ದೇನೆ.