ಬೆಳಕಿನಿಂದ ಎಚ್ಚರಗೊಳ್ಳುವ ಔಷಧ

ಕಾರಣಸಾಮಗ್ರಿ ಎಂಬ ಮಾತಿಗೆ ನಮ್ಮ ಪಾಠಶಾಲೆಯಲ್ಲಿ ಗಡಿಗೆಯೊಂದೇ ದೃಷ್ಟಾಂತವಾಗಿತ್ತು. ಮಣ್ಣು, ಚಕ್ರ, ದಂಡ, ಕುಂಬಾರ, ಇವುಗಳಲ್ಲಿ ಒಂದು ತಪ್ಪಿದರೂ ಗಡಿಗೆಯಿಲ್ಲ. ಇದಕ್ಕಿಂತ ಸೊಗಸಾದ ದೃಷ್ಟಾಂತವು ಅರ್ಬುದರೋಗದ, ಎಂದರೆ ಕ್ಯಾನ್ಸರಿನ, ಒಂದು ಚಿಕಿತ್ಸೆಯಲ್ಲಿ ದೊರೆಯುವುದೆಂಬುದು ಅರುವತ್ತು ದಾಟಿದ ಮೇಲೆ ನನಗೆ ತಿಳಿಯಬಂದಿತು.

ಜರ್ಮನಿಯ ಮ್ಯೂನಿಚ್ ನಗರದಲ್ಲಿ ಆಸ್ಕರ್ ರಾಬ್ ಎಂಬ ವಿದ್ಯಾರ್ಥಿಯು ಆಕ್ರಿಡಿನ್ ಎಂಬ ದ್ರವ್ಯವನ್ನು ನೀರಿನೊಳಗಣ ಸೂಕ್ಷ್ಮಜೀವಿಗಳ ಮೇಲೆ ಪರೀಕ್ಷಿಸುತ್ತಿದ್ದನು. ದ್ರವ್ಯದ ಪ್ರಮಾಣವು ಒಂದೇ. ಆದರೂ ಜೀವಿಗಳು ಒಂದು ದಿನ ಬೇಗನೆ ಸಾಯುವವು, ಇನ್ನೊಂದು ದಿನ ಬಹಳ ಹೊತ್ತು ಬದುಕಿರುವವು. ಗುಡುಗಿನ ಮೋಡ ಕವಿದು ಕೋಣೆಯು ಕತ್ತಲಾಗಿದ್ದ ದಿನ ಅವು ಬದುಕಿದ್ದವೆಂಬುದನ್ನು ನೆನೆದಾಗ ಅವನಿಗೆ ಗುಟ್ಟು ಹೊಳೆಯಿತು. ಕೊಲ್ಲುವುದಕ್ಕೆ ಬೆಳಕೂ ಬೇಕು! ಇದು 1900ರಲ್ಲಿ ಪ್ರಕಟವಾಯಿತು. ಮೂರನೆಯದಾಗಿ ಆಮ್ಲಜನಕವೂ ಬೇಕೆಂಬುದನ್ನು ಅವನ ಗುರು ಟಾಪೈನರನೂ ಜೊತೆಯವರೂ 1904ರಲ್ಲಿ ತೋರಿಸಿದರು.

ಔಷಧದ ಅಣುವು ಬೆಳಕನ್ನು ಹೀರಿ, ಆ ಶಕ್ತಿಯನ್ನು ಬಳಿಯಲ್ಲಿರುವ ಆಮ್ಲಜನಕಕ್ಕೆ ಕೊಡುತ್ತದೆ. ನಮ್ಮ ಉಸಿರಾದ ಆ ವಾಯುವೇ ಆಗ ಉಗ್ರರೂಪವನ್ನು ತಾಳಿ, ಜೀವಕೋಶದ ಪೊರೆಯನ್ನೂ ಒಳಗಣ ಅಂಗಗಳನ್ನೂ ಕೆಡಿಸುತ್ತದೆ. ಅದರ ಆಯುಸ್ಸು ಸೆಕೆಂಡಿನ ಲಕ್ಷಾಂಶಕ್ಕಿಂತಲೂ ಕಡಮೆ. ಹುಟ್ಟಿದ ಕೋಶವನ್ನು ದಾಟಿ ದೂರ ಹೋಗಲಾರದು. ಆದುದರಿಂದ ಬೆಳಕು ಬಿದ್ದ ಕಡೆಯೇ ಸಾವು. ಗಂತಿಗೆ ಆಹಾರ ಒಯ್ಯುವ ರಕ್ತನಾಳಗಳೂ ಮುಚ್ಚಿಹೋಗುತ್ತವೆ. ಕೆಂಪು ಬೆಳಕೂ ಮಾಂಸದಲ್ಲಿ ಒಂದು ಸೆಂಟಿಮೀಟರಿನಷ್ಟು ಆಳಕ್ಕೆ ಇಳಿಯುವುದೇ ಹೆಚ್ಚು. ದೊಡ್ಡ ಗಂತಿಗಳಿಗೆ ಈ ಉಪಾಯ ಸಾಲದು.

ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದ ನಮ್ಮ ಭಾವನವರಿಗೆ ಅನ್ನನಾಳದಲ್ಲಿ ಅರ್ಬುದವೆದ್ದು, ಆಚಮನದ ನೀರೂ ಇಳಿಯದಂತಾಯಿತು. ರೋಗವನ್ನು ನಿರ್ಮೂಲ ಮಾಡಲಾಗದು, ದಾರಿಯನ್ನು ಮಾತ್ರ ತೆರೆಯಬಹುದೆಂದು ವೈದ್ಯರು ಮರೆಮಾಚದೆ ಹೇಳಿದರು. ರಕ್ತಕ್ಕೆ ಪೋರ್ಫಿಮರ್ ಎಂಬ ಔಷಧವನ್ನು ಚುಚ್ಚಿ, ಎರಡು ದಿನ ಕಾದು, ಗಂಟಲಿನಿಂದ ಇಳಿಸಿದ ಎಳೆಯ ಮೂಲಕ ಕೆಂಪು ಬೆಳಕನ್ನು ಹಾಯಿಸಿದರು. ಔಷಧವು ಚರ್ಮದಲ್ಲಿಯೂ ಉಳಿಯುವುದರಿಂದ ತಿಂಗಳಾದರೂ ಬಿಸಿಲು ಸೋಕಕೂಡದೆಂದು ಆಜ್ಞೆಯಾಯಿತು.

ಉಪನಯನವಾದಂದಿನಿಂದ ಸೂರ್ಯನಿಗೆ ಅರ್ಘ್ಯವನ್ನು ತಪ್ಪಿಸದವರು ಅವರು. “ಮಾಮಾ, ಅಪ್ಪ ನಿಮ್ಮನ್ನೇ ಕೇಳಬೇಕಂತೆ,” ಎಂದು ಸೋದರಳಿಯನು ದೂರವಾಣಿಯಲ್ಲಿ ಕೇಳಿದನು. ಆತುರನಿಗೆ ಮಾನಸವೇ ಸಾಕು, ಕಿಟಕಿಯ ಬಳಿಗೆ ಬಿಡಬೇಡ ಎಂದೆನು. ಕೋಣೆಯನ್ನು ಪೂರ್ತಿ ಕತ್ತಲು ಮಾಡಬೇಕೆ ಎಂಬುದಕ್ಕೆ ಉತ್ತರವನ್ನು ವೈದ್ಯರೇ ಕೊಟ್ಟರು: ಬೇಡ; ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲುಳಿದ ಔಷಧವನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆಯಂತೆ. ಕೊಲ್ಲಲು ಎಬ್ಬಿಸುವ ಬೆಳಕೇ, ಮಂದವಾದರೆ, ಅದನ್ನು ಅಳಿಸುವುದೂ ಹೌದು! ಇದನ್ನು ಯಾವ ಗಡಿಗೆಯೂ ನನಗೆ ಕಲಿಸಿರಲಿಲ್ಲ.

ಮೂರನೆಯ ವಾರದಲ್ಲಿ ಅಕ್ಕನೇ ಮಾತನಾಡಿದಳು. ಆ ದಿನ ಬೆಳಿಗ್ಗೆ ಅರ್ಧ ಲೋಟ ಗಂಜಿ ಇಳಿಯಿತಂತೆ.