ಸಾಕೋ, ಹಾಕೋ

ಕೋಸಗಿಯಲ್ಲಿ ನಮ್ಮ ಸೋದರಮಾವನ ಮನೆಗೆ ಹೋದರೆ ಮಕ್ಕಳಿಗೆ ಬಡಿಸುವವರು ಮಾವನೇ. ಮೊನ್ನೆ ನನ್ನ ಮಗಳು "ಸಾಕು ತಾತಾ" ಅಂದಳು. ಮಾವ ಪ್ರೀತಿಯಿಂದ ಇನ್ನೊಂದು ಸೌಟು ಸಾರು ಸುರಿದರು. ಅವರಿಗೆ ಕೇಳಿಸಿದ್ದು "ಹಾಕು". ಅತ್ತೆ ತಟ್ಟೆ ಎಳೆದುಕೊಂಡು, "ಸಾಕಂತಾಳ್ರೀ ಹುಡುಗಿ" ಎಂದು ಕೂಗಿದರು. ಕೂಗಿದರೂ ಪ್ರಯೋಜನವಾಗಲಿಲ್ಲ.

ಮಾವ ಆದವಾನಿಯ ಹತ್ತಿ ಜಿನ್ನಿನಲ್ಲಿ ಮೂವತ್ತು ವರ್ಷ ದುಡಿದವರು. ಬೆಳಿಗ್ಗೆ ರೈಲು ಹತ್ತಿ ಹೋಗಿ ರಾತ್ರಿ ಮರಳುತ್ತಿದ್ದರು. ಮದ್ರಾಸಿನಿಂದ ಬಂದು 1871ರಲ್ಲಿ ರಾಯಚೂರು ಮುಟ್ಟಿದ ಹಳಿ ಅದು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ ಆದವಾನಿ ತಾಲೂಕು ಆಂಧ್ರದಲ್ಲಿ ಉಳಿದರೂ ನಮ್ಮ ಮನೆಗಳ ಮಾತು ಕನ್ನಡವೇ. ಗಡಿ ಕಸಿಯದಿದ್ದ ಆ ಕನ್ನಡದಿಂದ ಸ, ಶ, ಚಗಳನ್ನು ಮಾವನ ಪಾಲಿಗೆ ಕಸಿದದ್ದು ಜಿನ್ನಿನ ಸದ್ದು.

ಸದ್ದಿನ ಪೆಟ್ಟು ಒಳಕಿವಿಯಲ್ಲಿ ಮೊದಲು ಬೀಳುವುದು 4,000 ಹರ್ಟ್ಸ್ ಆಸುಪಾಸಿನ ಸ್ವರ ಹಿಡಿಯುವ ಸೂಕ್ಷ್ಮ ಕೂದಲಕೋಶಗಳಿಗೆ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಆ, ಉ ಎಂಬ ದಪ್ಪ ಸ್ವರಗಳು ಕಿವಿಗೆ ಬೀಳುತ್ತಲೇ ಇರುತ್ತವೆ, ಸಕಾರದಂಥ ಸಣ್ಣ ಸುಯ್ಯುಗಳು ಮಾತ್ರ ಉದುರಿಹೋಗುತ್ತವೆ. ಹಾಗಾಗಿ ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನೆಂದರು ಎಂಬುದು ತಿಳಿಯುವುದಿಲ್ಲ. ಇಟಲಿಯ ವೈದ್ಯ ರಮಜ್ಜೀನಿ ಮುನ್ನೂರು ವರ್ಷಗಳ ಹಿಂದೆಯೇ ತಾಮ್ರ ಬಡಿಯುವವರು ಕಿವುಡಾಗುವುದನ್ನು ಬರೆದಿಟ್ಟಿದ್ದ. ಇಷ್ಟು ಹಳೆಯ ತಿಳಿವಳಿಕೆ ಮಾವನ ಜಿನ್ನಿನವರೆಗೆ ಬರಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಚಿಕ್ಕಂದಿನಲ್ಲಿ ಮಾವನಿಗೆ ಬುತ್ತಿ ಒಯ್ಯುತ್ತಿದ್ದೆ. ಚರ್ಮದ ರೋಲರುಗಳು ಅರಳೆ ಎಳೆಯುತ್ತವೆ, ಬೀಟರು ಕಾಳನ್ನು ಬಡಿದು ಬೀಳಿಸುತ್ತದೆ, ಹತ್ತಿ ಹೀರುವ ಫ್ಯಾನು ಕೊಳವೆಯಲ್ಲಿ ಭೋರ್ಗರೆಯುತ್ತದೆ. ಮೇಲೆ ತಗಡು, ಕೆಳಗೆ ಸಿಮೆಂಟು. ಸದ್ದಿಗೆ ಹೊರಹೋಗುವ ದಾರಿಯೇ ಇಲ್ಲ, ಕಿವಿ ಗಡಚಿಕ್ಕುತ್ತಿತ್ತು. ಪಕ್ಕದ ಗೋದಾಮಿಗೆ ಕಾಲಿಟ್ಟರೆ ಮಾತ್ರ ಮೌನ. ಸೂರಿನವರೆಗೆ ಒಟ್ಟಿದ ಅರಳೆ ಸದ್ದನ್ನೆಲ್ಲ ಕುಡಿದುಬಿಡುತ್ತಿತ್ತು. ಅದರ ಎಳೆಗಳ ನಡುವಿನ ಗಾಳಿಯಲ್ಲಿ ಸಿಕ್ಕಿದ ಸದ್ದು ಉಜ್ಜಿ ಉಜ್ಜಿ ಸವೆಯುತ್ತದೆ. ನಮ್ಮ ಊಟ ಅಲ್ಲೇ, ಪಿಸುಮಾತಿನಲ್ಲಿ.

ಹಾಗಾದರೆ ಗೋಡೆಗೆಲ್ಲ ಹತ್ತಿ ಹೊದಿಸಬಾರದೇ? ಕಿಡಿ ಬಿದ್ದರೆ ಮುಗಿಯಿತು. ಬೆಂಕಿಗೆ ಹೆದರದ ಕಲ್ಲುಣ್ಣೆಯ (ರಾಕ್‌ವೂಲ್) ಹಲಗೆಗಳಿವೆ, ಅವನ್ನು ತಗಡಿನ ಕೆಳಗೆ ಕಟ್ಟಬಹುದು. ಫ್ಯಾನನ್ನು ಬೇರೆ ಕೋಣೆಗೆ ಹಾಕಿ, ಯಂತ್ರದ ಕಾಲಿಗೆ ರಬ್ಬರು ಕೊಟ್ಟು, ಸಡಿಲ ಬೋಲ್ಟು ಬಿಗಿದರೂ ಎಷ್ಟೋ ಇಳಿಯುತ್ತದೆ. ಅರ್ಧ ಯಂತ್ರ ನಿಲ್ಲಿಸಿದರೆ ಅರ್ಧ ಸದ್ದು ಇಳಿಯಿತು ಎಂದುಕೊಳ್ಳುವವರಿದ್ದಾರೆ, ಆದರೆ ಇಳಿಯುವುದು 3 ಡೆಸಿಬಲ್ ಮಾತ್ರ. ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಎಂದು ಕಾರ್ಖಾನೆ ನಿಯಮದ ಗೆರೆಯಿದೆ. ಮಾವನ ಜಿನ್ನಿನಲ್ಲಿ ಅದನ್ನು ಅಳೆದವರನ್ನು ನಾನು ಕಾಣಲಿಲ್ಲ.

ಮಾವ ಕಿವಿಗೆ ಅರಳೆ ತುರುಕಿಕೊಳ್ಳುತ್ತಿದ್ದರು. ರಾಶಿ ಬಿದ್ದಾಗ ಸದ್ದು ಕುಡಿಯುವ ಅರಳೆ ಕಿವಿಯೊಳಗಿನ ಚಿಟಿಕೆಯಲ್ಲಿ ಹೆಚ್ಚೇನೂ ತಡೆಯುವುದಿಲ್ಲ, ಗಾಳಿಯ ಜೊತೆಗೇ ಸದ್ದೂ ನುಸುಳುತ್ತದೆ. ಕಿವಿಯ ದಾರಿಯನ್ನು ಬಿಗಿಯಾಗಿ ಮುಚ್ಚುವ ಫೋಮಿನ ಬಿರಡೆಯೇ ಬೇಕು.

ಈ ಸುಗ್ಗಿಗೆ ಮಾವನ ಮಗನೂ ಜಿನ್ನಿಗೆ ಸೇರಿದ್ದಾನೆ. ಅವನು ರೈಲಿಗೆ ಹೊರಡುವಾಗ ಮಾವ ಬಾಗಿಲಲ್ಲಿ ತಡೆದು, ಅಂಗಿಯ ಜೇಬು ಮುಟ್ಟಿ ನೋಡುತ್ತಾರೆ, ಬಿರಡೆಗಳು ಎರಡೂ ಇವೆಯೇ ಎಂದು.